ಸೊಂಟಕ್ಕೆ ಕರೆಂಟ್ ಕೊಟ್ಟಿರಿ, ಕೆಲಸ ಏನೆಂದು ಕೇಳಿದಿರಾ?

ನಮ್ಮೂರಿನ ಅಕ್ಕನೊಬ್ಬರು ಭತ್ತದ ನಾಟಿಗೆ ಹೋಗುವವರು. ನಾಲ್ಕು ತಿಂಗಳಿಂದ ಸೊಂಟ ನೋವು. ತಾಲ್ಲೂಕು ಕೇಂದ್ರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಹತ್ತು ದಿನ ಮಲಗಿಸಿ ಕರೆಂಟ್ ಕೊಟ್ಟರು. ಬಸ್ಸು ಫ್ರೀ, ಆದರೆ ಹತ್ತು ದಿನದ ಕೂಲಿ ಹೋಯಿತು. ನೋವು ಹೋಗಲಿಲ್ಲ. "ಏನು ಕೆಲಸ ಮಾಡ್ತೀಯಮ್ಮ ಅಂತ ಒಬ್ಬರೂ ಕೇಳಲಿಲ್ಲ ಕಣಪ್ಪ" ಅಂದರು.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲೇ ಹೇಳಿದೆ: ಮೂರು ತಿಂಗಳು ದಾಟಿದ, ಬೇರೆ ಕಾಯಿಲೆಯಿಂದ ಬಾರದ ಸೊಂಟ ನೋವಿಗೆ ಟೆನ್ಸ್ ಎಂಬ ಕರೆಂಟ್ ಮಿಷನ್, ಅಲ್ಟ್ರಾಸೌಂಡ್ ಶಾಖ, ಸೊಂಟ ಎಳೆಯುವ ಟ್ರ್ಯಾಕ್ಷನ್, ಬೆಲ್ಟು ಇವನ್ನು ಮಾಮೂಲಾಗಿ ಕೊಡಬೇಡಿ. ವ್ಯಾಯಾಮ ಮಾಡಿಸಿ, ನೋವಿನ ಬಗ್ಗೆ ತಿಳಿಸಿ ಹೇಳಿ. ಮತ್ತೆ ನಮ್ಮಲ್ಲಿ ಮಿಷನ್ನೇ ಯಾಕೆ ಮೊದಲು?

"ಮಿಷನ್ ಇಡದಿದ್ದರೆ ಜನ ದುಡ್ಡು ಕೊಡಲ್ಲ" ಅನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ, ತಪ್ಪು ನಮ್ಮದೂ ಹೌದು. ಆದರೆ ಓದಿದವರು ನಮಗೆ ತಿಳಿಸಬೇಕೋ, ನಮ್ಮ ಅಜ್ಞಾನಕ್ಕೆ ಬಿಲ್ ಹಾಕಬೇಕೋ?

ಇನ್ನೊಂದು ಗುಂಪಿದೆ. ಪುರಾವೆ ಇರುವುದು ವ್ಯಾಯಾಮಕ್ಕೆ ಮಾತ್ರ ಎಂದು ಮೈ ಮುಟ್ಟದೆ, ಚಿತ್ರದ ಹಾಳೆಯೊಂದನ್ನು ಕೈಗಿಟ್ಟು ಕಳಿಸುತ್ತದೆ. ಅದೂ ಅರ್ಧ ಸತ್ಯ. ಮಸಾಜು, ಕೈಯಿಂದ ಬೆನ್ನು ಸಡಿಲಿಸುವುದು ಕೆಲವರಿಗೆ ಆಗಬಹುದು ಎಂದು ಅದೇ ಸಂಸ್ಥೆ ಹೇಳಿದೆ. ಕೈಯಿಟ್ಟು ನೋಡಿದರೆ ರೋಗಿಗೂ ಧೈರ್ಯ ಬರುತ್ತದೆ. ಹಾಗಂತ ಬರೀ ತಿಕ್ಕಿ ಕಳಿಸಿದರೆ ನಾಳೆ ಮತ್ತೆ ನೋವು.

ಪುರಾವೆ, ಕೈಗುಣ, ರೋಗಿಯ ಬದುಕು. ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲು ತೆಗೆದರೆ ಮಡಕೆ ನಿಲ್ಲುವುದಿಲ್ಲ. ಇಡೀ ದಿನ ಬಗ್ಗಿ ಪೈರು ನೆಡುವವರಿಗೆ "ರೆಸ್ಟ್ ಮಾಡಿ" ಅಂದರೆ ಮನೆ ನಡೆಯುತ್ತದೆಯೇ? ಅರ್ಧ ಗಂಟೆಗೊಮ್ಮೆ ಎದ್ದು ಬದುವಿನ ಮೇಲೆ ನಾಲ್ಕು ಹೆಜ್ಜೆ ಹಾಕಿ, ಸಸಿ ಕಟ್ಟನ್ನು ಮೈಗೆ ಹತ್ತಿರ ಹಿಡಿದು ಎತ್ತಿ, ಮಲಗುವ ಮುಂಚೆ ಈ ಎರಡು ವ್ಯಾಯಾಮ ಮಾಡಿ ಎಂದರೆ ಮಾಡಬಲ್ಲರು.

ಕ್ಲಿನಿಕ್ಕಿಗೆ ಹೋದಾಗ ಕೇಳಿ: ಈ ಮಿಷನ್ ಯಾಕೆ? ಮನೆಯಲ್ಲಿ ನಾನೇನು ಮಾಡಬೇಕು? ಎಷ್ಟು ದಿನಕ್ಕೆ ಗುಣ ಕಾಣದಿದ್ದರೆ ದಾರಿ ಬದಲಿಸುತ್ತೀರಿ? ಉತ್ತರ ಕೊಡದವರಿಗೆ ದುಡ್ಡೂ ಕೊಡಬೇಡಿ.

ಒಂದು ಎಚ್ಚರ: ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ, ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲು ಬಲ ಕಳೆದುಕೊಂಡರೆ ಕಾಯಬೇಡಿ. ಅಂದೇ ದೊಡ್ಡಾಸ್ಪತ್ರೆಗೆ ಹೋಗಿ.