ಸುಂಡಿಲಿಯ ನಡಿಗೆಗೆ ಎರಡು ವರ್ಷ ಸಾಲದು

ಭೂಮಿಯ ಮೇಲಿನ ಸಸ್ತನಿಗಳಲ್ಲಿ ಹತ್ತಕ್ಕೆ ನಾಲ್ಕು ಪ್ರಭೇದಗಳು ಇಲಿ, ಹೆಗ್ಗಣ, ಅಳಿಲುಗಳ ಬಳಗಕ್ಕೆ ಸೇರಿದವು. ಇನ್ನೆರಡು ಬಾವಲಿಗಳು. ಇವುಗಳ ಜೊತೆಗೆ ಸುಂಡಿಲಿಗಳನ್ನೂ, ಅಂದರೆ ಇಲಿಯಂತೆ ಕಂಡರೂ ಇಲಿಯ ಜಾತಿಗೆ ಸೇರದ ಚೂಪು ಮೂತಿಯ ಕೀಟಾಹಾರಿಗಳನ್ನೂ ಲೆಕ್ಕಕ್ಕೆ ಹಿಡಿದರೆ, ಸಸ್ತನಿ ಲೋಕದಲ್ಲಿ ಬಹುಮತ ಸಣ್ಣವರದೇ. ಆನೆ, ಹುಲಿ, ಮನುಷ್ಯರೆಲ್ಲ ಅಲ್ಪಸಂಖ್ಯಾತರು. ಹಾಗಿದ್ದೂ ಸಸ್ತನಿಗಳ ಮೂಳೆ, ಸ್ನಾಯು, ನಡಿಗೆಯ ಬಗ್ಗೆ ಪಠ್ಯಪುಸ್ತಕಗಳು ಬಹುಕಾಲ ಹೇಳಿದ್ದು ಕುದುರೆ, ನಾಯಿ, ಮನುಷ್ಯರನ್ನು ನೋಡಿ ಕಲಿತ ಪಾಠ. ನಮ್ಮ ವನ್ಯಜೀವಿ ಕಾನೂನಿನ ಕಣ್ಣಿಗಂತೂ ಇಲಿ, ಚಿಟ್ಟಿಲಿಗಳು 1972ರಿಂದ 2022ರ ತಿದ್ದುಪಡಿಯವರೆಗೆ ಕಾಗೆಯ ಜೊತೆ ಉಪದ್ರವಿಗಳ ಪಟ್ಟಿಯಲ್ಲೇ ಇದ್ದವು. ಈ ಸಣ್ಣ ಜೀವಿಗಳ ಅಂಗರಚನೆ ಮತ್ತು ಚಲನೆಯನ್ನು ತಿಳಿಯಲು ಹೊರಟ ಯುವ ಜೀವವಿಜ್ಞಾನಿಗಳು ನಮ್ಮಲ್ಲಿಯೂ ಹೊರಗೂ ಇದ್ದಾರೆ. ಅವರಿಗೆ ಹಣ ಕಡಿಮೆಯಾಗಿರುವುದು ನಿಜ. ಅದಕ್ಕಿಂತ ದೊಡ್ಡ ಕೊರತೆ ಕಾಲದ್ದು. ಈ ವಿಜ್ಞಾನ ನಿಧಾನದ್ದು, ನಾವು ಅದಕ್ಕೆ ಕೊಟ್ಟಿರುವ ವೃತ್ತಿಜೀವನ ಮಾತ್ರ ಅವಸರದ್ದು. ಎರಡೂ ಹೊಂದದ ಕಡೆ ಸೋಲುವುದು ಮೊದಲು ಸಂಶೋಧಕ, ಆಮೇಲೆ ತಿಳಿವಳಿಕೆ.

ಸಣ್ಣ ಪ್ರಾಣಿ ಎಂದರೆ ಕುಗ್ಗಿಸಿದ ದೊಡ್ಡ ಪ್ರಾಣಿಯೆಂದು ತಿಳಿದವರು ಹಲವರು. ಅದು ಹಾಗಲ್ಲ ಎಂಬುದಕ್ಕೆ ಪುರಾವೆ ಎಕ್ಸ್‌ರೇ ಚಲನಚಿತ್ರದಿಂದ ಬಂತು. ಅಮೆರಿಕದ ಫ್ಯಾರಿಶ್ ಜೆಂಕಿನ್ಸ್ ಒಪೊಸಮ್ ಮತ್ತಿತರ ಸಣ್ಣ ಸಸ್ತನಿಗಳು ನಡೆಯುವಾಗ ಚರ್ಮದೊಳಗೆ ಮೂಳೆಗಳು ಹೇಗೆ ಚಲಿಸುತ್ತವೆ ಎಂಬುದನ್ನು ಚಿತ್ರೀಕರಿಸಿ 1971ರಲ್ಲಿ ಪ್ರಕಟಿಸಿದರು. ಕುದುರೆಯ ಕಾಲು ಕಂಬದಂತೆ ನೆಟ್ಟಗಿದ್ದರೆ ಇವುಗಳ ತೊಡೆ, ತೋಳಿನ ಮೂಳೆಗಳು ಸದಾ ಮಡಿಚಿದ ಸ್ಥಿತಿಯಲ್ಲೇ ಕೆಲಸ ಮಾಡುತ್ತಿದ್ದವು. ಅದರ ಅರ್ಥ 1989ರಲ್ಲಿ ಆಂಡ್ರ್ಯೂ ಬೀವನರ್ ಅವರ ಅಧ್ಯಯನದಿಂದ ಇನ್ನಷ್ಟು ಸ್ಪಷ್ಟವಾಯಿತು. ದೇಹದ ಉದ್ದ ಇಮ್ಮಡಿಯಾದರೆ ತೂಕ ಎಂಟು ಪಟ್ಟಾಗುತ್ತದೆ, ಮೂಳೆಯ ಅಡ್ಡಕೊಯ್ತದ ವಿಸ್ತಾರ ನಾಲ್ಕೇ ಪಟ್ಟು. ದೊಡ್ಡ ಪ್ರಾಣಿ ಕಾಲನ್ನು ನೆಟ್ಟಗೆ ಮಾಡಿಕೊಂಡೇ ಈ ಹೊರೆಯಿಂದ ಮೂಳೆಯನ್ನು ಕಾಪಾಡಿಕೊಳ್ಳುತ್ತದೆ. ಇಲಿಗೆ ಆ ಒತ್ತಡವಿಲ್ಲ, ಆದ್ದರಿಂದ ಮಡಿಚಿದ ಕಾಲಿನಲ್ಲಿ ಯಾವ ದಿಕ್ಕಿಗಾದರೂ ಥಟ್ಟನೆ ಜಿಗಿಯಲು ಸಿದ್ಧವಿರುತ್ತದೆ. ಜರ್ಮನಿಯ ಯೇನಾದಲ್ಲಿ ಮಾರ್ಟಿನ್ ಫಿಶರ್ ತಂಡ ಮತ್ತೊಂದು ಸಂಗತಿಯನ್ನು ತೋರಿಸಿತು: ಸಣ್ಣ ಸಸ್ತನಿಗಳ ಮುಂಗಾಲಿನ ಹೆಜ್ಜೆಯ ಹೆಚ್ಚಿನ ಪಾಲು ಹುಟ್ಟುವುದು ಹೆಗಲಿನ ಚಪ್ಪಟೆ ಮೂಳೆಯ ತಿರುಗುವಿಕೆಯಿಂದ. ಹೊರಗಿನಿಂದ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಆರಂಭದ ಸಸ್ತನಿಗಳು ಬಹುತೇಕ ಇಂಥ ಸಣ್ಣ ಗಾತ್ರದವೇ ಆಗಿದ್ದರಿಂದ, ನಮ್ಮೆಲ್ಲರ ದೇಹದ ಮೂಲ ವಿನ್ಯಾಸವನ್ನು ಅರಿಯಲು ಕುದುರೆಗಿಂತ ಇಲಿಯೇ ಒಳ್ಳೆಯ ದಾರಿ.

ಇಂಥ ತಿಳಿವಳಿಕೆಗೆ ಹಿಡಿಯುವ ಕಾಲವನ್ನು ನೋಡಿ. ಚಳಿಗಾಲದಲ್ಲಿ ಸುಂಡಿಲಿಯ ತಲೆಬುರುಡೆ ಕುಗ್ಗಿ ವಸಂತದಲ್ಲಿ ಮತ್ತೆ ಬೆಳೆಯುತ್ತದೆ ಎಂದು ಪೋಲೆಂಡಿನ ಆಗಸ್ಟ್ ಡೆನೆಲ್ 1949ರಲ್ಲಿ ಬರೆದರು. ಎಲ್ಲ ಋತುಗಳಲ್ಲಿ ಕಲೆಹಾಕಿದ ಮಾದರಿಗಳಿದ್ದುದರಿಂದಲೇ ಅವರಿಗೆ ಅದು ಗೋಚರಿಸಿತು. ಒಂದೇ ಪ್ರಾಣಿಯನ್ನು ಬೇರೆ ಬೇರೆ ಋತುವಿನಲ್ಲಿ ಮರಳಿ ಹಿಡಿದು, ಎಕ್ಸ್‌ರೇ ತೆಗೆದು, ಬುರುಡೆಯ ಎತ್ತರ ಸರಾಸರಿ ಶೇ 15ರಷ್ಟು ಇಳಿಯುತ್ತದೆಂದು ಜರ್ಮನಿಯಲ್ಲಿ ಖಚಿತಪಡಿಸಿದ್ದು 2017ರಲ್ಲಿ. ಕಾಂಗೊ ಕಾಡಿನ ‘ಹೀರೊ ಶ್ರೂ’ ಎಂಬ ಸುಂಡಿಲಿಯ ಕಥೆ ಇನ್ನೂ ದೀರ್ಘ. ಅದರ ಬೆನ್ನಿನ ಮೇಲೆ ಆಳೊಬ್ಬ ನಿಂತರೂ ಅದಕ್ಕೆ ಏನೂ ಆಗದೆಂಬುದನ್ನು ಅಲ್ಲಿನ ಮಂಗ್ಬೆಟು ಜನ ನೂರು ವರ್ಷಕ್ಕೂ ಹಿಂದೆ ಹೊರಗಿನವರಿಗೆ ತೋರಿಸಿದ್ದರು. ಆ ಪ್ರಾಣಿಗೆ ವಿಜ್ಞಾನ ಹೆಸರಿಟ್ಟಿದ್ದು 1910ರಲ್ಲಿ, ಅದರ ಎರಡನೇ ಪ್ರಭೇದ ಸಿಕ್ಕಿದ್ದು 2013ರಲ್ಲಿ. ಶಿಕಾಗೊದ ಫೀಲ್ಡ್ ಮ್ಯೂಸಿಯಂ ಸಂಶೋಧಕರು ಮ್ಯೂಸಿಯಂ ಮಾದರಿಗಳನ್ನು ಸ್ಕ್ಯಾನ್ ಮಾಡಿ ಆ ಬೆನ್ನೆಲುಬಿನ ಒಳರಚನೆಯನ್ನು ವಿವರಿಸಿದ್ದು 2020ರಲ್ಲಿ. ಇಂಥ ಬೆನ್ನು ಅದಕ್ಕೇಕೆ ಬೇಕಾಯಿತು ಎಂಬ ಚರ್ಚೆ ಈಗಲೂ ಮುಗಿದಿಲ್ಲ.

ಈಗ ಭಾರತದ ಯುವ ಸಂಶೋಧಕಿಯ ಲೆಕ್ಕ ಹಾಕೋಣ. ಸಿಎಸ್‌ಐಆರ್-ಯುಜಿಸಿ ಜೂನಿಯರ್ ಫೆಲೋಶಿಪ್ 2 ವರ್ಷ, ಸೀನಿಯರ್ 3 ವರ್ಷ. 2023ರ ಜನವರಿಯಿಂದ ಅನ್ವಯವಾಗುವಂತೆ ತಿಂಗಳಿಗೆ 37,000 ಮತ್ತು 42,000 ರೂಪಾಯಿ. ಪಿಎಚ್‌.ಡಿ. ಮುಗಿದರೆ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ನ 2 ವರ್ಷ. ಅದಕ್ಕೆ ವಯೋಮಿತಿ 35. ಆ ಎರಡು ವರ್ಷದಲ್ಲಿ ಅರಣ್ಯ ಇಲಾಖೆಯ ಅನುಮತಿ, ನೈತಿಕ ಸಮಿತಿಯ ಒಪ್ಪಿಗೆಗಳಿಗೆ ಕಾಯಬೇಕು, ಬಲೆ-ಬೋನು ಇಟ್ಟು ಪ್ರಾಣಿ ಹಿಡಿಯಬೇಕು, ಮಿಲಿಗ್ರಾಂ ತೂಕದ ಸ್ನಾಯುಗಳನ್ನು ಒಂದೊಂದಾಗಿ ಬಿಡಿಸಿ ಅಳೆಯಬೇಕು, ಸಾವಿರಾರು ವಿಡಿಯೊ ಚೌಕಟ್ಟುಗಳಲ್ಲಿ ಕೀಲುಗಳನ್ನು ಗುರುತಿಸಬೇಕು. ಅಷ್ಟರಲ್ಲಿ ಮುಂದಿನ ಹುದ್ದೆಗೆ ಅರ್ಜಿ ಹಾಕುವ ಹೊತ್ತು ಬಂದಿರುತ್ತದೆ, ಅರ್ಜಿಯಲ್ಲಿ ಪ್ರಬಂಧಗಳ ಸಂಖ್ಯೆ ಕೇಳಿರುತ್ತಾರೆ. ಬುದ್ಧಿವಂತೆಯಾದವಳು ಇಂಥಲ್ಲಿ ಬೇಗ ಉತ್ತರ ಸಿಗುವ ಪ್ರಶ್ನೆಯನ್ನೇ ಆರಿಸಿಕೊಳ್ಳುತ್ತಾಳೆ. ಹೀಗೆ ವ್ಯವಸ್ಥೆ ಸಂಶೋಧಕರನ್ನು ಮಾತ್ರವಲ್ಲ, ಪ್ರಶ್ನೆಗಳನ್ನೂ ಜರಡಿ ಹಿಡಿಯುತ್ತದೆ. ಡೆನೆಲ್‌ರ ಪ್ರಶ್ನೆ ಆ ಜರಡಿಯಲ್ಲಿ ಉಳಿಯುತ್ತಿರಲಿಲ್ಲ.

ಬಡವರಿರುವ ದೇಶಕ್ಕೆ ಸುಂಡಿಲಿಯ ಬೆನ್ನೆಲುಬು ಯಾಕೆ ಎಂದು ಕೇಳುವವರಿಗೆ ಉತ್ತರ ಮಲೆನಾಡಿನಲ್ಲೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯ ವೈರಸ್‌ನಿಂದ ಮಂಗಗಳು ಸತ್ತಾಗ ಎಲ್ಲರ ಕಣ್ಣು ಮಂಗಗಳ ಮೇಲಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿನ ಇಲಿ, ಸುಂಡಿಲಿಗಳಲ್ಲೂ ಆ ವೈರಸ್ ಪತ್ತೆ ಹಚ್ಚಿದರು. ಎಳೆಯ ಉಣುಗುಗಳು ರಕ್ತ ಹೀರುವುದು ಇಂಥ ಸಣ್ಣ ಪ್ರಾಣಿಗಳ ಮೈಮೇಲೆ. ಯಾವ ಪ್ರಾಣಿ ತರಗೆಲೆಯ ಮೇಲೆ ಓಡುತ್ತದೆ, ಯಾವುದು ಮರ ಹತ್ತುತ್ತದೆ, ಯಾವುದು ಕಾಡಂಚು ದಾಟಿ ತೋಟಕ್ಕೆ ಬರುತ್ತದೆ ಎಂಬುದು ಮಂಗನ ಕಾಯಿಲೆಯ ಊರುಗಳಲ್ಲಿ ಪಂಡಿತರ ಕುತೂಹಲವಾಗಿ ಉಳಿಯುವುದಿಲ್ಲ. ತಂತ್ರಜ್ಞಾನದ ಲಾಭ ಬೇಕೆನ್ನುವವರಿಗೂ ಉದಾಹರಣೆ ಇದೆ. 2016ರಲ್ಲಿ ಬರ್ಕ್ಲಿಯಲ್ಲಿ ತಯಾರಾದ, ಸುಮಾರು 100 ಗ್ರಾಂ ತೂಕದ ಜಿಗಿಯುವ ರೋಬೊ ‘ಸಾಲ್ಟೊ’ಗೆ ಮಾದರಿಯಾದದ್ದು ಆಫ್ರಿಕಾದ ಗಲಾಗೊ, ನಮ್ಮ ಕಾಡುಪಾಪನ ದಾಯಾದಿ. ಒಂದೇ ವಂಶದಲ್ಲಿ ಅದು ಜಿಗಿತದ ಜಟ್ಟಿ, ನಮ್ಮ ಕಾಡುಪಾಪ ಜಿಗಿಯದೆ ಕೊಂಬೆ ಬಿಡದೆ ನಡೆಯುವ ಜೀವಿ. ಈ ಪ್ರಯೋಜನಗಳನ್ನು ಮುಂಗಡವಾಗಿ ಪಟ್ಟಿ ಮಾಡಿ ಕೊಡು ಎಂದರೆ ಮಾತ್ರ ಯಾವ ವಿಜ್ಞಾನಿಗೂ ಸಾಧ್ಯವಿಲ್ಲ.

ಯಂತ್ರಗಳು ಕೆಲಸವನ್ನು ಚುರುಕುಗೊಳಿಸಿವೆ, ಇನ್ನೇಕೆ ಇಷ್ಟು ಕಾಲ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. 2018ರಿಂದ ಬಳಕೆಗೆ ಬಂದ ಡೀಪ್‌ಲ್ಯಾಬ್‌ಕಟ್‌ನಂಥ ತಂತ್ರಾಂಶ ವಿಡಿಯೊದಲ್ಲಿ ಪ್ರಾಣಿಯ ದೇಹದ ಬಿಂದುಗಳನ್ನು ತಾನೇ ಹಿಂಬಾಲಿಸುತ್ತದೆ. ಆದರೆ ಸಾಮಾನ್ಯ ವಿಡಿಯೊದಲ್ಲಿ ಅದಕ್ಕೆ ಕಾಣುವುದು ಚರ್ಮ. ಹೆಜ್ಜೆಯ ಮೂಲವಾದ ಹೆಗಲಿನ ಮೂಳೆ ಆ ಚರ್ಮದಡಿಯಲ್ಲಿ ಜಾರುತ್ತಿರುತ್ತದೆ, ಅದನ್ನು ತಿಳಿದವರು ಬೇಕೇ ಬೇಕು. ಪ್ರಾಣಿಹಿಂಸೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಛೇದನವನ್ನು ಯುಜಿಸಿ 2014ರಲ್ಲಿ ನಿಷೇಧಿಸಿತು; ಪ್ರತಿ ವಿದ್ಯಾರ್ಥಿಗೊಂದು ಕಪ್ಪೆ ಕೊಲ್ಲುವ ಪದ್ಧತಿ ನಿಂತದ್ದು ಒಳ್ಳೆಯದೇ. ಆದರೆ ಕೈಯಿಂದ ಕಲಿಯುವ ಅಂಗರಚನೆಗೆ ಬದಲಿ ಏರ್ಪಾಡು ಬೇಕು, ಅದು ಮ್ಯೂಸಿಯಂ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಆರಂಭಿಸಿದ ಸಸ್ತನಿ ಸಮೀಕ್ಷೆಯವರು ಧಾರವಾಡ, ಕೆನರಾ, ಕೊಡಗಿನಲ್ಲೂ ಮಾದರಿ ಸಂಗ್ರಹಿಸಿದ್ದರು. ಅಂಥ ಹಳೆಯ ಮಾದರಿಯೊಂದನ್ನು ಈಗ ಕತ್ತರಿಸದೆಯೇ ಸ್ಕ್ಯಾನ್ ಮಾಡಬಹುದು. ಅಮೆರಿಕದ ‘ಓವರ್ಟ್’ ಯೋಜನೆಯಲ್ಲಿ 18 ಸಂಸ್ಥೆಗಳು ಸೇರಿ 13,000ಕ್ಕೂ ಹೆಚ್ಚು ಕಶೇರುಕ ಮಾದರಿಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿವೆ.

ಕೊನೆಯ ಆಕ್ಷೇಪ ಸಂಶೋಧನಾ ವಲಯದ ಒಳಗಿನದು: ಹುದ್ದೆ ಭದ್ರವಾದರೆ ಮೈಗಳ್ಳತನ ಬೆಳೆಯುತ್ತದೆ, ಪೈಪೋಟಿಯೇ ಗುಣಮಟ್ಟ ಕಾಯುತ್ತದೆ. ನಮ್ಮ ಹಲವು ವಿಶ್ವವಿದ್ಯಾಲಯಗಳನ್ನು ಬಲ್ಲವರು ಈ ಭಯವನ್ನು ತಳ್ಳಿಹಾಕಲಾರರು. ಆದರೆ ಅಡಿಕೆ ಸಸಿ ನೆಟ್ಟವನು ಎರಡನೇ ವರ್ಷಕ್ಕೆ ಗೊನೆ ಕೇಳುವುದಿಲ್ಲ. ಗಿಡ ಬದುಕಿದೆಯೇ, ಸುಳಿ ಹಸಿರಾಗಿದೆಯೇ ಎಂದು ವರ್ಷವರ್ಷವೂ ನೋಡುತ್ತಾನೆ. ಸಂಶೋಧನೆಗೂ ಬೇಕಾದದ್ದು ಇಂಥ ತಪಾಸಣೆ. ಇನ್‌ಸ್ಪೈರ್ ಫ್ಯಾಕಲ್ಟಿ ಯೋಜನೆ 5 ವರ್ಷ ಕೊಡುತ್ತದೆ, ಆದರೆ ಅವಧಿ ಮುಗಿದ ಮೇಲೆ ಹುದ್ದೆ ಕೊಡಬೇಕೆಂಬ ಕಟ್ಟುಪಾಡು ಸಂಸ್ಥೆಗಿಲ್ಲ. ಪಿಎಚ್‌.ಡಿ. ನಂತರದ ನೇಮಕವನ್ನು 6-7 ವರ್ಷಕ್ಕೆ ಮಾಡಿ, ನಡುವೆ ಒಮ್ಮೆ ಕಟ್ಟುನಿಟ್ಟಾಗಿ ಪರಿಶೀಲಿಸಿ, ಗೆದ್ದವರಿಗೆ ಖಾಯಂ ಹುದ್ದೆಯ ದಾರಿ ತೆರೆದಿಡಲಿ. ಮ್ಯೂಸಿಯಂಗೆ ಸೇರಿಸಿದ ಮಾದರಿ, ತೆರೆದಿಟ್ಟ ಸ್ಕ್ಯಾನ್ ಕೂಡ ಪ್ರಬಂಧದಂತೆಯೇ ಸಾಧನೆಯ ಲೆಕ್ಕಕ್ಕೆ ಬರಲಿ. ವಿಶ್ವವಿದ್ಯಾಲಯಗಳ ಪ್ರಾಣಿಶಾಸ್ತ್ರ ಸಂಗ್ರಹಗಳನ್ನು ನೋಡಿಕೊಳ್ಳಲು ಪೂರ್ಣಾವಧಿ ಪರಿಣತರನ್ನು ನೇಮಿಸಲಿ. ಸಂಶೋಧನೆಗೆ ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟು ಮಾತ್ರ ಖರ್ಚು ಮಾಡುವ ದೇಶ ಎಲ್ಲವನ್ನೂ ಮಾಡಲಾರದು ಎಂಬುದು ಸರಿ. ಆದರೆ ಈ ಕ್ಷೇತ್ರ ಬೇಡುವುದು ದುಬಾರಿ ಯಂತ್ರಗಳ ಸಾಲನ್ನಲ್ಲ. ಹಂಚಿಕೊಂಡು ಬಳಸುವ ಸ್ಕ್ಯಾನರ್, ಒಳ್ಳೆಯ ಕ್ಯಾಮೆರಾ ಮತ್ತು ಕಾಯಲು ಬಲ್ಲ ಒಬ್ಬ ಮನುಷ್ಯ. ಸಾರ್ವಜನಿಕ ಹಣದಿಂದ ಹತ್ತು ವರ್ಷ ತರಬೇತಿ ಕೊಟ್ಟ ಆ ಮನುಷ್ಯ, ಕೌಶಲ ಕೈಗೆ ಹತ್ತಿದ ವರ್ಷವೇ ಬೇರೆ ಕೆಲಸ ಹುಡುಕುವಂತೆ ಮಾಡುವುದೇ ನಿಜವಾದ ದುಂದು.