ನೆನಪಿನ ಎದುರು ಒಂದು ಸಾಕ್ಷಿ

ಜುಲೈ ತಿಂಗಳಲ್ಲಿ ಪುತ್ತೂರು, ತೀರ್ಥಹಳ್ಳಿ, ಶಿರಸಿಯ ಕಡೆ ಯಾರನ್ನಾದರೂ ಮಾತಾಡಿಸಿದರೆ ‘ನಾವು ಸಣ್ಣವರಿದ್ದಾಗಿನ ಮಳೆ ಈಗೆಲ್ಲಿ?’ ಎಂಬ ಮಾತು ಬಂದೇ ಬರುತ್ತದೆ. ಮರುವರ್ಷ ಅದೇ ಬಾಯಿ ‘ಇಂಥ ಮಳೆ ಹಿಂದೆ ಕಂಡದ್ದೇ ಇಲ್ಲ’ ಎನ್ನುತ್ತದೆ. ಎರಡನ್ನೂ ಜನ ಮನಸಾರೆ ನಂಬಿಯೇ ಹೇಳುತ್ತಾರೆ. ಆದರೆ ಕರಾವಳಿ, ಮಲೆನಾಡಿನ ಕೆಲವು ಅಡಿಕೆ ಬೆಳೆಗಾರರ ಮನೆಗಳಲ್ಲಿ ಈ ಮಾತನ್ನು ಪರೀಕ್ಷಿಸಿ ನೋಡಬಹುದು. ಅಂಗಳದಲ್ಲೊಂದು ಮಳೆಮಾಪಕ, ಒಳಗೆ ಮೇಜಿನ ಮೇಲೊಂದು ಪುಸ್ತಕ. ಬೆಳಿಗ್ಗೆ ನೀರಳೆದು ತಾರೀಖಿನ ಮುಂದೆ ಮಿಲಿಮೀಟರ್ ಬರೆಯುತ್ತಾರೆ. ಪಕ್ಕದಲ್ಲಿ ಆರಿದ್ರೆಯೋ ಪುನರ್ವಸುವೋ ನಕ್ಷತ್ರದ ಹೆಸರು. ಜಾಗ ಉಳಿದರೆ, ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡಲಿಲ್ಲ ಎಂಬಂಥ ಒಂದು ಸಾಲು. ದಶಕಗಳ ಕಾಲ ಇದನ್ನು ನಡೆಸಿಕೊಂಡು ಬಂದವರಿದ್ದಾರೆ. ಅಂಥ ಮನೆಯಲ್ಲಿ ಮಳೆಯ ಬಗ್ಗೆ ವಾದ ಎದ್ದರೆ ಪುಸ್ತಕ ತೆಗೆದು ನೋಡುತ್ತಾರೆ, ವಾದ ಅಲ್ಲಿಗೆ ಮುಗಿಯುತ್ತದೆ.

ದಿನಚರಿ ಬರೆದರೆ ಏನು ಲಾಭ ಎಂದು ಕೇಳಿದವರಿಗೆ ಈಗ ಸಿಗುವ ಉತ್ತರವೆಲ್ಲ ಮನಶ್ಶಾಂತಿ, ಏಕಾಗ್ರತೆ, ಒತ್ತಡದಿಂದ ಬಿಡುಗಡೆ. ಇವು ಸುಳ್ಳಲ್ಲ. ಆದರೆ ಇವಕ್ಕಾಗಿಯೇ ಬರೆಯಲು ಕುಳಿತವರು ಮನಸ್ಸು ಹಗುರಾದ ದಿನ ಬರೆಯುವುದನ್ನು ಬಿಟ್ಟುಬಿಡುತ್ತಾರೆ. ನನಗೆ ಕಾಣುವ ದೊಡ್ಡ ಲಾಭ ಬೇರೆ. ಪ್ರತಿಯೊಬ್ಬರೂ ತಮ್ಮ ಬದುಕಿನ ಕಥೆಯನ್ನು ತಮಗೇ ಹೇಳಿಕೊಳ್ಳುತ್ತ, ಪ್ರತಿ ಸಲ ಸ್ವಲ್ಪ ಸ್ವಲ್ಪ ತಿದ್ದುತ್ತ ಹೋಗುತ್ತಾರೆ. ಆ ಕಥೆಯ ಎದುರು ನಿಂತು ‘ಅವತ್ತು ನಡೆದದ್ದು ಹೀಗೆ’ ಎನ್ನಬಲ್ಲದ್ದು ಆ ದಿನವೇ ಬರೆದಿಟ್ಟ ಪುಟ ಮಾತ್ರ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಆಕಾಶದಲ್ಲೇ ಸಿಡಿದು ಏಳು ಮಂದಿ ಸತ್ತರು. ಮರುದಿನ ಬೆಳಿಗ್ಗೆ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಉಲ್ರಿಕ್ ನೈಸರ್ ವಿದ್ಯಾರ್ಥಿಗಳಿಗೆ ಕಾಗದ ಹಂಚಿ, ಸುದ್ದಿ ನಿಮಗೆ ಎಲ್ಲಿ ಗೊತ್ತಾಯಿತು, ಯಾರು ಹೇಳಿದರು, ಆಗ ಏನು ಮಾಡುತ್ತಿದ್ದಿರಿ ಎಂದು ಬರೆಸಿಕೊಂಡರು. ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ 44 ಮಂದಿಗೆ ಅದೇ ಪ್ರಶ್ನೆ ಕೇಳಿದರು. ಸುಮಾರು ಕಾಲು ಭಾಗದಷ್ಟು ಜನರ ಉತ್ತರ ಎಲ್ಲ ಮುಖ್ಯ ವಿವರಗಳಲ್ಲೂ ತಪ್ಪಾಗಿತ್ತು. ತಪ್ಪಿದವರಿಗೂ ಅಳುಕಿರಲಿಲ್ಲ, ತಮಗೆ ಚೆನ್ನಾಗಿ ನೆನಪಿದೆ ಎಂಬ ವಿಶ್ವಾಸ ಅವರಲ್ಲಿ ಹಲವರಿಗಿತ್ತು. ನನ್ನನ್ನು ಹೆಚ್ಚು ಕಾಡುವುದು ಮುಂದಿನ ಹಂತ. ಅವರದೇ ಕೈಬರಹದ ಹಳೆಯ ಕಾಗದವನ್ನು ಅವರ ಮುಂದಿಟ್ಟಾಗಲೂ ಹಳೆಯ ನೆನಪು ಮರಳಲಿಲ್ಲ. ಹೊಸ ನೆನಪು ಹಳೆಯದನ್ನು ಪೂರ್ತಿ ಅಳಿಸಿ ಅದರ ಜಾಗದಲ್ಲಿ ಕುಳಿತಿತ್ತು. ಆ ಕಾಗದ ಇಲ್ಲದಿದ್ದರೆ ತಪ್ಪು ನಡೆದಿದೆ ಎಂಬ ಸುಳಿವು ಯಾರಿಗೂ ಸಿಗುತ್ತಿರಲಿಲ್ಲ.

ಸುದ್ದಿ ಎಲ್ಲಿ ಕೇಳಿದೆ ಎಂಬುದು ಯಾರಿಗೂ ಲಾಭನಷ್ಟವಿಲ್ಲದ ನೆನಪು. ಪಾಲುಪಟ್ಟಿಯ ಜಗಳದಲ್ಲಿ ಅಣ್ಣ ಏನೆಂದ, ಮದುವೆ ಮಾತುಕತೆಯಲ್ಲಿ ಯಾರು ಮೊದಲು ಸಿಡುಕಿದರು, ಆ ಕೆಲಸ ಬಿಟ್ಟದ್ದು ನಿಜಕ್ಕೂ ಯಾವ ಕಾರಣಕ್ಕೆ – ಇಂಥ ನೆನಪುಗಳಲ್ಲಿ ನಮ್ಮ ಮಾನ, ನಮ್ಮ ನೋವು ಎಲ್ಲ ಸೇರಿಕೊಂಡಿರುತ್ತವೆ. ಅವು ಎಷ್ಟು ಬದಲಾಗಿರಬಹುದು! ಚಾರ್ಲ್ಸ್ ಡಾರ್ವಿನ್ ಇದನ್ನು ಚೆನ್ನಾಗಿ ಅರಿತಿದ್ದ. ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಂಗತಿಯೋ ಆಲೋಚನೆಯೋ ಎದುರಾದರೆ ಅದನ್ನು ತಡಮಾಡದೆ ಆಗಲೇ ಬರೆದಿಟ್ಟುಕೊಳ್ಳುವ ನಿಯಮವನ್ನು ಹಲವು ವರ್ಷ ಪಾಲಿಸಿದೆ ಎಂದು ಆತ್ಮಕಥೆಯಲ್ಲಿ ಹೇಳಿದ್ದಾನೆ. ಅನುಕೂಲವಾದದ್ದಕ್ಕಿಂತ ಪ್ರತಿಕೂಲವಾದದ್ದೇ ಬೇಗ ಮರೆತುಹೋಗುತ್ತದೆ ಎಂಬುದು ಅವನ ಅನುಭವ. ‘ಜೀವಸಂಕುಲಗಳ ಉಗಮ’ 1859ರಲ್ಲಿ ಹೊರಬಂದಾಗ ಅದಕ್ಕೆ ಬಂದ ಆಕ್ಷೇಪಗಳಲ್ಲಿ ಅವನು ಮೊದಲೇ ಗಮನಿಸಿ ಉತ್ತರಿಸಲು ಯತ್ನಿಸದೆ ಇದ್ದವು ಕಡಿಮೆಯಾಗಿದ್ದುದಕ್ಕೆ ಈ ಅಭ್ಯಾಸವೇ ಕಾರಣವಂತೆ. ವಿಜ್ಞಾನಿಗೆ ಬೇಕಾದ ಈ ಎಚ್ಚರ ಮನೆ ನಡೆಸುವವರಿಗೂ, ಮಕ್ಕಳನ್ನು ಬೆಳೆಸುವವರಿಗೂ ಬೇಕು. ಒಂದು ದೊಡ್ಡ ನಿರ್ಧಾರ ತೆಗೆದುಕೊಂಡ ದಿನ, ಇದರಿಂದ ಏನಾಗಬಹುದು ಎಂದುಕೊಂಡಿದ್ದೇನೆ ಎಂದು ಎರಡು ಸಾಲು ಬರೆದಿಟ್ಟರೆ ಸಾಕು. ಮುಂದೆ ‘ನನಗೆ ಆಗಲೇ ಗೊತ್ತಿತ್ತು’ ಎನ್ನುವ ಮುಂಚೆ ಆ ಪುಟ ತೆರೆದು ನೋಡಬಹುದು.

ಆದರೆ ನಮ್ಮಂಥವರ ದಿನಗಳಲ್ಲಿ ಬರೆಯುವಂಥದ್ದು ಏನಿರುತ್ತದೆ? ದಿನಚರಿಯ ಮಾತು ಬಂದಾಗ ಹೆಚ್ಚಿನವರು ಇಲ್ಲೇ ನಿಂತುಬಿಡುತ್ತಾರೆ. ಅವರಿಗೆ ನಾನು ಹೇಳುವುದು ಮಾರ್ಥಾ ಬ್ಯಾಲರ್ಡ್ ಎಂಬ ಸೂಲಗಿತ್ತಿಯ ಕಥೆ. ಅಮೆರಿಕದ ಮೇನ್ ಪ್ರಾಂತದಲ್ಲಿ, ಕೆನೆಬೆಕ್ ನದಿಯ ದಡದ ಹ್ಯಾಲೊವೆಲ್ ಎಂಬ ಊರಿನಲ್ಲಿದ್ದವಳು. 1785ರಿಂದ 1812ರವರೆಗೆ, ಐವತ್ತು ದಾಟುವ ಹೊತ್ತಿಗೆ ಶುರುಮಾಡಿ ಸಾಯುವ ಕೆಲವು ದಿನ ಮುಂಚಿನವರೆಗೂ, ಹಕ್ಕಿಗರಿಯ ಲೇಖನಿಯಲ್ಲಿ ದಿನವೂ ಬರೆದಳು. ಇವತ್ತು ಬಿಸಿಲೋ ಹಿಮವೋ, ಯಾರ ಮನೆಗೆ ಹೆರಿಗೆಗೆ ಹೋದೆ, ಕೂಲಿ ಬಂತೋ ಬಾಕಿಯೋ, ಮಗ್ಗದಲ್ಲಿ ಎಷ್ಟು ನೇಯ್ದಾಯಿತು, ತೋಟದಲ್ಲಿ ಏನು ಬಿತ್ತಿದೆ. ಅಷ್ಟೇ. 816 ಹೆರಿಗೆಗಳ ಲೆಕ್ಕ ಅದರಲ್ಲಿದೆ. ಆ ದಿನಚರಿಯನ್ನು ಮೊದಲು ನೋಡಿದ ಇತಿಹಾಸಕಾರರು ಇದರಲ್ಲಿ ಅಡುಗೆಮನೆಯ ಕ್ಷುಲ್ಲಕ ಸಂಗತಿಗಳೇ ತುಂಬಿವೆ ಎಂದು ಬದಿಗಿಟ್ಟರು. ಲಾರೆಲ್ ಥ್ಯಾಚರ್ ಅಲ್ರಿಕ್ ಎಂಬ ಇತಿಹಾಸಕಾರ್ತಿ ಆ ಕ್ಷುಲ್ಲಕವನ್ನೇ ಸಾಲುಸಾಲಾಗಿ ಓದಿ, ಒಂದಕ್ಕೊಂದು ಜೋಡಿಸಿ 1990ರಲ್ಲಿ ಪುಸ್ತಕ ಬರೆದರು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಒಂದು ಊರಿನಲ್ಲಿ ಹೆಂಗಸರು ಎಷ್ಟು ದುಡಿಯುತ್ತಿದ್ದರು, ಯಾರ ಋಣ ಯಾರ ಮೇಲಿತ್ತು ಎಂಬುದೆಲ್ಲ ಆ ಪುಟಗಳಿಂದ ಎದ್ದುಬಂತು. 1789ರಲ್ಲಿ ಅದೇ ಊರಿನ ಪಾದ್ರಿಯ ಹೆಂಡತಿ ರೆಬೆಕಾ ಫಾಸ್ಟರ್ ಅಲ್ಲಿನ ನ್ಯಾಯಾಧೀಶ ಜೋಸೆಫ್ ನಾರ್ತ್ ಮೇಲೆ ಅತ್ಯಾಚಾರದ ಆರೋಪ ಹೊರಿಸಿದಳು. ಅವನು ಖುಲಾಸೆಯಾದ. ರೆಬೆಕಾ ತನ್ನ ಬಳಿ ಹೇಳಿಕೊಂಡದ್ದು ಮಾರ್ಥಾಳ ದಿನಚರಿಯಲ್ಲಿ ಉಳಿದಿದೆ. ಬ್ರೆಡ್ಡು, ಬಟ್ಟೆ, ಹವಾಮಾನದ ಸಾಲುಗಳ ನಡುವೆಯೇ ಅದೂ ಇದೆ. ದಿನವೂ ಬರೆಯುವ ಅಭ್ಯಾಸ ಇಲ್ಲದಿದ್ದವಳು ಆ ಒಂದು ದಿನ ಮಾತ್ರ ಲೇಖನಿ ಹಿಡಿಯುತ್ತಿದ್ದಳೇ? ನನಗೆ ನಂಬಿಕೆಯಿಲ್ಲ. ಯಾವ ದಿನ ಮುಖ್ಯ ಎಂದು ಆ ದಿನ ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲ ದಿನವೂ ಬರೆಯಬೇಕು.

1930ರ ದಂಡಿಯಾತ್ರೆಯಲ್ಲಿ ಗಾಂಧೀಜಿ ತಮ್ಮೊಡನೆ ನಡೆದವರಿಗೆ ಪ್ರಾರ್ಥನೆ, ನೂಲುವಿಕೆಯ ಜೊತೆಗೆ ದಿನಚರಿ ಬರೆಯುವುದನ್ನೂ ಕಡ್ಡಾಯ ಮಾಡಿದ್ದರು. ಆ ತಂಡದಲ್ಲಿ ಕರ್ನಾಟಕದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರೂ ಇದ್ದರು. ದಿನವಿಡೀ ಬಿಸಿಲಲ್ಲಿ ನಡೆದು ಬಂದವರಿಗೆ ಇಂಥ ನಿಯಮವೇಕೆ ಎನಿಸಬಹುದು. ಕಳೆದ ಹೊತ್ತಿಗೆ ಲೆಕ್ಕ ಕೊಡುವ ಶಿಸ್ತು ಇಲ್ಲದೆ ಸತ್ಯದ ಮಾತಾಡುವುದು ಕಷ್ಟ ಎಂಬುದು ಗಾಂಧೀಜಿಗೆ ಗೊತ್ತಿತ್ತು.

ಇನ್ನು ಮನಸ್ಸಿನ ನೆಮ್ಮದಿ. ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ತಮ್ಮ ಆಳದ ನೋವುಗಳ ಬಗ್ಗೆ ಬರೆದರು. ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆಮೇಲೆ ನಡೆದ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ ಪರಿಣಾಮ ನಿಜವೇ, ಆದರೆ ಚಿಕ್ಕದು. ಒಂದೇ ಸಂಕಟವನ್ನು ದಿನವೂ ಕೆದಕುವುದರಿಂದ ಕೆಲವರಿಗೆ ಅದು ಇನ್ನಷ್ಟು ಆಳಕ್ಕೆ ಇಳಿಯಲೂಬಹುದು. ಆದ್ದರಿಂದಲೇ ದಿನಚರಿಯಲ್ಲಿ ಹೊರಗಿನ ಲೋಕಕ್ಕೆ ಜಾಗವಿರಲಿ ಎನ್ನುತ್ತೇನೆ: ಯಾರು ಬಂದರು, ಏನೆಂದರು, ಟೊಮೆಟೊ ಎಷ್ಟಾಯಿತು, ಅಮ್ಮನಿಗೆ ಬಿಪಿ ಎಷ್ಟಿತ್ತು.

ಇದನ್ನೆಲ್ಲ ಫೋನಿನಲ್ಲೇ ಬರೆಯಬಹುದಲ್ಲ? ಬರೆಯಬಹುದು. ಆದರೂ ಕೈಬರಹದ ಪರವಾಗಿ ನಾನು ಗಟ್ಟಿಯಾಗಿ ವಾದಿಸುತ್ತೇನೆ. ಪರದೆಯ ಮೇಲೆ ಅಳಿಸಿದ್ದು ಗುರುತಿಲ್ಲದೆ ಹೋಗುತ್ತದೆ. ಕಾಗದದಲ್ಲಿ ಹೊಡೆದುಹಾಕಿದ ಮಾತು ಗೆರೆಯ ಕೆಳಗೆ ಉಳಿದಿರುತ್ತದೆ. ಸಾಕ್ಷಿಯಾಗಬೇಕಾದ್ದಕ್ಕೆ ಈ ಗುಣ ಬಹಳ ಮುಖ್ಯ. ಎರಡನೆಯದು ವೇಗ. ಟೈಪು ಮಾಡುವ ವಿದ್ಯಾರ್ಥಿಗಳು ಪಾಠವನ್ನು ಕೇಳಿದ ಹಾಗೆಯೇ ಇಳಿಸಿಕೊಳ್ಳುತ್ತಾರೆ, ಕೈಯಲ್ಲಿ ಬರೆಯುವವರು ತಮ್ಮ ಮಾತಿನಲ್ಲಿ ಸಂಗ್ರಹಿಸುತ್ತಾರೆ ಎಂದು 2014ರ ಒಂದು ಅಧ್ಯಯನ ತೋರಿಸಿತು. ಕೈ ನಿಧಾನವಾದ್ದರಿಂದ ಯಾವುದನ್ನು ಬರೆಯಬೇಕು ಎಂದು ಮನಸ್ಸು ಆರಿಸಲೇಬೇಕಾಗುತ್ತದೆ.

ಕನ್ನಡಿಗರಿಗೆ ಇನ್ನೊಂದು ಕಾರಣವೂ ಇದೆ. ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಒಂದು ಇಡೀ ಪುಟ ಬರೆಯುವ ಪ್ರಸಂಗ ನಮ್ಮಲ್ಲಿ ಬಹಳ ಜನರಿಗೆ ಬರುವುದೇ ಇಲ್ಲ. ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಕಳಿಸುತ್ತೇವೆ. ಬೆಂಗಳೂರಿನಲ್ಲಿರಲಿ, ನ್ಯೂಜೆರ್ಸಿಯಲ್ಲಿರಲಿ, ದಿನಕ್ಕೊಂದು ಪುಟ ಬರೆದರೆ ಒತ್ತಕ್ಷರಗಳು ಕೈಗೆ ಮರಳುತ್ತವೆ. ಅಲ್ಲಿ ತಿದ್ದುವ ಮೇಷ್ಟ್ರಿಲ್ಲ, ಸಂಪಾದಕರಿಲ್ಲ. ಧಾರವಾಡದವರು ‘ಹೋಗಿದ್ವಿ’ ಎಂದೂ ಕುಂದಾಪುರದವರು ‘ಹೋಯಿದ್’ ಎಂದೂ ಧಾರಾಳವಾಗಿ ಬರೆಯಬಹುದು. ಅಜ್ಜಿ ಹೇಳಿದ ಮಾತನ್ನು ಅಜ್ಜಿಯ ಮಾತಲ್ಲೇ ಬರೆದಿಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಒಂದು ಅಡ್ಡಿ ಮಾತ್ರ ನಿಜವಾದದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ತುಂಬಿದ ಮನೆಯಲ್ಲಿ ಸೊಸೆಯೊಬ್ಬಳು ಮನಸ್ಸಿನ ಮಾತು ಬರೆದು ಅದನ್ನು ಎಲ್ಲಿಡಬೇಕು? ಲಂಡನ್ನಿನ ಸ್ಯಾಮ್ಯುಯೆಲ್ ಪೆಪಿಸ್ 1660ರಿಂದ 1669ರವರೆಗೆ ಬರೆದ ದಿನಚರಿಗೆ ಶೀಘ್ರಲಿಪಿ ಬಳಸಿದ್ದ. ಎಲ್ಲರಿಗೂ ಆ ವಿದ್ಯೆ ಇರುವುದಿಲ್ಲ. ಹೆಸರಿನ ಬದಲು ಒಂದು ಗುರುತು, ಜಗಳದ ಬದಲು ಒಂದು ಚುಕ್ಕೆ ಇಟ್ಟುಕೊಂಡರೂ ನಡೆಯುತ್ತದೆ. ತಾರೀಖು ಇದ್ದರೆ ಉಳಿದದ್ದನ್ನು ಬರೆದವರು ಓದಿಕೊಳ್ಳುತ್ತಾರೆ. ಇನ್ನೊಬ್ಬರ ದಿನಚರಿಯನ್ನು ಕದ್ದು ಓದುವುದು ತಪ್ಪು ಎಂದು ಮಕ್ಕಳಿಗೆ ಕಲಿಸುವ ಕೆಲಸವೂ ಮನೆಯಲ್ಲೇ ಆಗಬೇಕು.

ಬರೆದವರು ತೀರಿಕೊಂಡ ಮೇಲಿನದು ಬೇರೆಯೇ ಪ್ರಶ್ನೆ. ಮಾರ್ಥಾಳ ಪುಸ್ತಕಗಳನ್ನು ತಲೆಮಾರಿನಿಂದ ತಲೆಮಾರಿಗೆ ಮನೆಯವರು ಕಾಪಾಡಿದರು. ವೈದ್ಯೆಯಾಗಿದ್ದ, ಅವಳದೇ ವಂಶದ ಒಬ್ಬಾಕೆ 1930ರಲ್ಲಿ ಅವನ್ನು ಮೇನ್ ರಾಜ್ಯದ ಗ್ರಂಥಾಲಯಕ್ಕೆ ಒಪ್ಪಿಸಿದಳು. ನಮ್ಮಲ್ಲಿ ಹಳೆಯ ಮನೆ ಕೆಡವುವಾಗ ಅಟ್ಟದ ಪೆಟ್ಟಿಗೆಯಲ್ಲಿದ್ದ ಡೈರಿ, ಲೆಕ್ಕದ ಪುಸ್ತಕ, ಮಳೆಯ ದಾಖಲೆ ಎಲ್ಲ ಒಟ್ಟಿಗೆ ರದ್ದಿಯವನ ತಕ್ಕಡಿಗೆ ಬೀಳುತ್ತವೆ. ಬೀಳುವ ಮುಂಚೆ ಮನೆಯವರಲ್ಲಿ ಒಬ್ಬರಾದರೂ ಕೂತು ಪುಟ ತಿರುವಲಿ. ಖಾಸಗಿ ಎನಿಸಿದ್ದನ್ನು ಮನೆಯಲ್ಲೇ ಇಟ್ಟುಕೊಂಡು, ಮಳೆ, ಬೆಲೆ, ಕೂಲಿ, ರೋಗರುಜಿನಗಳ ಲೆಕ್ಕವಿರುವುದನ್ನು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಜಿಲ್ಲೆಯ ಗ್ರಂಥಾಲಯಕ್ಕೋ ತೋರಿಸಲಿ.