ಮುಂದಿನ ಕಾರನ್ನಷ್ಟೇ ನೋಡುವ ಯಂತ್ರ

ಅಪಘಾತವಿಲ್ಲ, ಕಾಮಗಾರಿಯಿಲ್ಲ, ಟೋಲ್ ಗೇಟೂ ಇಲ್ಲ. ಆದರೂ ಹೈವೇಯಲ್ಲಿ ಗಾಡಿಗಳು ನಿಂತುಬಿಡುತ್ತವೆ. ಸ್ವಲ್ಪ ಹೊತ್ತು ತೆವಳಿದ ಮೇಲೆ ದಾರಿ ತಾನಾಗಿ ತೆರವಾಗುತ್ತದೆ. ಹೀಗೇಕೆ ಎಂಬುದನ್ನು 2008ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದು ತೋರಿಸಿತು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಬಿಟ್ಟು, ಎಲ್ಲರೂ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸಾಗಿ ಎಂದಷ್ಟೇ ಹೇಳಿದ್ದರು. ತುಸು ಹೊತ್ತಿನಲ್ಲೇ ಒಂದು ಕಡೆ ಕಾರುಗಳು ಒತ್ತೊತ್ತಾಗಿ ನಿಂತವು. ಆ ದಟ್ಟಣೆ ಹಿಂದು ಹಿಂದಕ್ಕೆ ಸರಿಯುತ್ತ ಹೋಯಿತು. ಯಾರೂ ಎಡವಟ್ಟು ಮಾಡಿರಲಿಲ್ಲ. ಒಬ್ಬ ಚೂರು ನಿಧಾನಿಸಿದರೆ, ಅದು ತಡವಾಗಿ ಕಂಡ ಹಿಂದಿನವನು ಇನ್ನೂ ಜೋರಾಗಿ ಬ್ರೇಕ್ ಒತ್ತುತ್ತಾನೆ. ಸಾಲಿನಲ್ಲಿ ಹಿಂದಿದ್ದವನು ನಿಂತೇಬಿಡುತ್ತಾನೆ.

ಹಾಗಾದರೆ ವೇಗದ ಹೊಣೆಯನ್ನು ಯಂತ್ರಕ್ಕೇ ವಹಿಸಿದರಾಯಿತಲ್ಲ? ಮುಂದಿನ ಕಾರಿನ ಅಂತರ ನೋಡಿಕೊಂಡು ವೇಗವನ್ನು ತಾನೇ ಹೊಂದಿಸುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಈಗ ನಮ್ಮಲ್ಲೂ ಹಲವು ಕಾರುಗಳಲ್ಲಿ ಸಿಗುತ್ತದೆ. ಅದಕ್ಕೆ ತೂಕಡಿಕೆಯಿಲ್ಲ, ಫೋನ್ ಬರುವುದಿಲ್ಲ. ಆದರೆ ಅಮೆರಿಕದಲ್ಲಿ ಮಾರುಕಟ್ಟೆಯಲ್ಲಿದ್ದ ಏಳು ಮಾದರಿಗಳನ್ನು ಸಂಶೋಧಕರು ಪರೀಕ್ಷಿಸಿದಾಗ, ಏಳೂ ಮುಂದಿನ ಕಾರಿನ ವೇಗದ ಏರಿಳಿತವನ್ನು ಕುಗ್ಗಿಸುವ ಬದಲು ಹಿಗ್ಗಿಸಿ ಹಿಂದಿನವರಿಗೆ ದಾಟಿಸುವಂಥವೇ ಎಂದು ಕಂಡುಬಂತು. ರೇಡಾರ್ ಲೆಕ್ಕ ಹಾಕಿ ಬ್ರೇಕ್ ಹಿಡಿಸುವಷ್ಟರಲ್ಲಿ ಅಂತರ ಕಿರಿದಾಗಿರುತ್ತದೆ; ಅದನ್ನು ಮತ್ತೆ ಗಳಿಸಲು ಮುಂದಿನ ಕಾರಿಗಿಂತಲೂ ಹೆಚ್ಚು ನಿಧಾನಿಸಬೇಕಾಗುತ್ತದೆ. ಮನುಷ್ಯನ ಚಾಳಿಯನ್ನೇ ಅದು ಇನ್ನಷ್ಟು ಅಚ್ಚುಕಟ್ಟಾಗಿ ಮಾಡುತ್ತದೆ, ಅಷ್ಟೆ.

ಇದು ಯಂತ್ರದ ಹಣೆಬರಹವೇನಲ್ಲ. ಅರಿಜೋನಾದ ಟೂಸಾನ್‌ನಲ್ಲಿ ಅದೇ ವೃತ್ತದ ಪ್ರಯೋಗವನ್ನು ಮತ್ತೆ ಮಾಡಿದರು. ಸುಮಾರು ಇಪ್ಪತ್ತು ಕಾರುಗಳ ನಡುವೆ ಸ್ವಯಂಚಾಲಿತ ವೇಗದ್ದು ಒಂದೇ ಒಂದು. ಮುಂದೆ ಜಾಗ ಬಿಟ್ಟೊಡನೆ ನುಗ್ಗದೆ, ಒಟ್ಟು ಸಾಲಿನ ಸರಾಸರಿ ವೇಗಕ್ಕೆ ಹೊಂದಿಕೊಂಡು ಸಾಗುವಂತೆ ಅದನ್ನು ಸಜ್ಜುಗೊಳಿಸಿದ್ದರು. ಜಾಮ್‌ನ ಅಲೆ ಕರಗಿತು. ಇಂಧನದ ಖರ್ಚು ಶೇ 40ರವರೆಗೆ ತಗ್ಗಿತು.

ನಿಜವಾದ ರಸ್ತೆಯಲ್ಲಿ ಈ ತಾಳ್ಮೆ ದುಬಾರಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡಿನ ಅಂತರವೆಂದರೆ 55 ಮೀಟರ್‌ಗೂ ಹೆಚ್ಚು. ಎಲ್ಲ ಕಾರುಗಳೂ ಅಷ್ಟು ಬಿಟ್ಟರೆ ಒಂದು ಲೇನಿನಲ್ಲಿ ಗಂಟೆಗೆ ಸುಮಾರು 1,650 ಕಾರು ಹಾದಾವು, 1.2 ಸೆಕೆಂಡಿಗೆ ಇಳಿಸಿದರೆ ಲೆಕ್ಕ 2,600ರ ಹತ್ತಿರಕ್ಕೆ ಏರುತ್ತದೆ. ಅಂತರ ಕಿರಿದಾದಷ್ಟೂ ಏರಿಳಿತವನ್ನು ನುಂಗಿಕೊಳ್ಳಲು ಜಾಗವಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಂತೂ ಅಷ್ಟು ಜಾಗ ಬಿಟ್ಟವನ ಮುಂದೆ ಎಡಗಡೆಯಿಂದ ಒಂದು ಕಾರು ತೂರಿರುತ್ತದೆ. ಯಂತ್ರ ಪಾಪ, ಮತ್ತೆ ಬ್ರೇಕ್ ಹಿಡಿದು ಹೊಸದಾಗಿ ಜಾಗ ಮಾಡಿಕೊಳ್ಳುತ್ತದೆ. ಹಿಂದಿನವನ ಹಾರ್ನ್ ಶುರುವಾಗುತ್ತದೆ.

ಕಾರುಗಳು ಒಂದಕ್ಕೊಂದು ರೇಡಿಯೊ ಸಂದೇಶ ಕಳಿಸಿಕೊಂಡರೆ ಕಿರಿದಾದ ಅಂತರ, ಏರಿಳಿತವಿಲ್ಲದ ಓಟ ಎರಡನ್ನೂ ಸಾಧಿಸಬಹುದು. 1997ರಲ್ಲೇ ಸ್ಯಾನ್ ಡಿಯಾಗೊ ಬಳಿ ಎಂಟು ಬ್ಯೂಕ್ ಕಾರುಗಳು ಕೆಲವೇ ಮೀಟರ್ ಅಂತರದಲ್ಲಿ, ಹೆದ್ದಾರಿ ವೇಗದಲ್ಲಿ ಸಾಲಾಗಿ ಓಡಿ ತೋರಿಸಿದ್ದವು. ಆದರೆ ಅದಕ್ಕೆ ಎಲ್ಲ ಕಂಪನಿಗಳ ಕಾರುಗಳೂ ಒಂದೇ ಭಾಷೆಯಲ್ಲಿ ಮಾತಾಡಬೇಕು. ಗ್ರಾಹಕನ ಆಯ್ಕೆಗೆ ಬಿಟ್ಟರೆ ಆಗುವ ಕೆಲಸವಲ್ಲ. ಖರೀದಿಸುವವನು ನೋಡುವುದು ತನ್ನ ಕಾಲಿಗೆ ಸಿಗುವ ಆರಾಮವನ್ನು. ಹತ್ತನೆಯ ಕಾರಿನವನು ಅನುಭವಿಸುವ ಹಠಾತ್ ಬ್ರೇಕು ಅವನ ಕನ್ನಡಿಯಲ್ಲೂ ಕಾಣುವುದಿಲ್ಲ. ಆದ್ದರಿಂದ ಈ ಸಾಧನಕ್ಕೆ ಅನುಮತಿ ಕೊಡುವ ಮುನ್ನ ಒಂದು ಕಾರು ಗುದ್ದದೆ ನಿಂತಿತೇ ಎಂದು ಪರೀಕ್ಷಿಸಿದರೆ ಸಾಲದು. ಅದೇ ಮಾದರಿಯ ಹತ್ತು ಕಾರುಗಳನ್ನು ಸಾಲಾಗಿ ಓಡಿಸಿ, ಮೊದಲನೆಯದರ ವೇಗವನ್ನು ಹತ್ತು ಕಿ.ಮೀ. ತಗ್ಗಿಸಿ, ಕೊನೆಯದು ಎಷ್ಟು ತಗ್ಗಿತು ಎಂದು ಅಳೆಯಬೇಕು.